ಅಟ್ಲಾಂಟಿಕ್‌ನ ಎರಡು ದಡ, ನೆಲದಡಿ ಒಂದೇ ಮನೆತನ: ಮೆಟಾಕ್ರಾಂಗೊನಿಕ್ಸ್ ಪ್ರಕರಣ

2001ರಲ್ಲಿ ಪ್ರಾಣಿಶಾಸ್ತ್ರದ ಒಂದು ಲೇಖನ ಬಂತು. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದಲ್ಲಿ, ನೆಲದಡಿಯ ನೀರಿನಲ್ಲಿ, ಸಣ್ಣ ಕುರುಡು ಜೀವಿಗಳ ಹೊಸ ಪ್ರಭೇದಗಳು ಸಿಕ್ಕಿವೆ ಎಂದು ಅದರಲ್ಲಿತ್ತು. ಹೊಸ ಪ್ರಭೇದ ಸಿಗುವುದು ಅಂತರ್ಜಲದ ಮಟ್ಟಿಗೆ ದೊಡ್ಡ ಸುದ್ದಿಯಲ್ಲ. ಬಾವಿಗೆ ಬಲೆ ಇಳಿಸಿದರೆ ಏನಾದರೂ ಹೊಸತು ಸಿಗುತ್ತಲೇ ಇರುತ್ತದೆ. ಇಲ್ಲಿ ಅಚ್ಚರಿ ಇದ್ದದ್ದು ಅವು ಯಾರ ಕಡೆಯವು ಎಂಬುದರಲ್ಲಿ. ಅವುಗಳ ಕುಟುಂಬದ ಹೆಸರು ಮೆಟಾಕ್ರಾಂಗೊನಿಕ್ಟಿಡೆ. ಶೀರ್ಷಿಕೆಯಲ್ಲಿರುವ ಮೆಟಾಕ್ರಾಂಗೊನಿಕ್ಸ್ ಅದರೊಳಗಿನ ಒಂದು ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು. ಅಲ್ಲಿಯವರೆಗೆ ಆ ಕುಟುಂಬ ಗೊತ್ತಿದ್ದದ್ದು ಮೊರಾಕೊ, ಮೆಡಿಟರೇನಿಯನ್ ದ್ವೀಪಗಳಾದ ಮಯೋರ್ಕಾ, ಮೆನೋರ್ಕಾ ಮತ್ತು ಎಲ್ಬಾ, ಸಿನಾಯ್ ಮತ್ತು ಮೃತ ಸಮುದ್ರದ ಸುತ್ತಮುತ್ತ, ಹಾಗೂ ಕ್ಯಾನರಿ ದ್ವೀಪಗಳ ಫ್ಯುರ್ಟೆವೆಂಚುರಾದಲ್ಲಿ. ಈಗ ನೋಡಿದರೆ ಅದೇ ಮನೆತನದವು ಸಾಗರದ ಆಚೆ ದಡದಲ್ಲೂ ಇವೆ. ಮೊರಾಕೊದಿಂದ ಹಿಸ್ಪಾನಿಯೋಲಾಗೆ 6,000 ಕಿ.ಮೀ.ಗೂ ಜಾಸ್ತಿ ದೂರ.

ಅಷ್ಟು ದೂರ ಇವು ಹೋದದ್ದು ಹೇಗೆ? ಈ ಪ್ರಶ್ನೆಗೆ ಮೈಟೊಕಾಂಡ್ರಿಯಾದ ಡಿಎನ್‌ಎ ಕೊಟ್ಟ ಉತ್ತರ, ಆ ಉತ್ತರದ ಮೇಲೆ ಎದ್ದ ಜಗಳ, ಇವೆರಡೂ ಸೇರಿ ಈ ಪ್ರಕರಣ. ಅಂತರ್ಜಲದ ಜೀವಿಗಳ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ ಎಂದು ನನಗನಿಸುತ್ತದೆ. ಯಾಕೆಂದರೆ ಇಲ್ಲಿ ಡಿಎನ್‌ಎ ಒಂದು ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಕೊಟ್ಟಿತು. ಇನ್ನೊಂದಕ್ಕೆ ಕೊಟ್ಟ ಹಾಗೆ ಕಂಡಿತು, ಅಷ್ಟೇ.

ಜೀವಿ ಎಂಥದ್ದು

ಸೀಗಡಿ, ಏಡಿಗಳ ದೊಡ್ಡ ಬಳಗವೇ ಕ್ರಸ್ಟೇಷಿಯನ್. ಅದರಲ್ಲಿ ಆಂಫಿಪಾಡ್ ಎಂಬ ಒಂದು ಗುಂಪು. ಮೈ ಎರಡೂ ಪಕ್ಕದಿಂದ ಅಮುಕಿದಂತೆ ಚಪ್ಪಟೆ, ಬೆನ್ನು ಬಾಗಿ ಅರ್ಧಚಂದ್ರದ ಆಕಾರ, ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದ. ಹೊಳೆ, ಕೆರೆ, ಸಮುದ್ರ ಎಲ್ಲ ಕಡೆ ಇವೆ. ನೆಲದಡಿ ಸೇರಿದವು ಕಣ್ಣು ಕಳೆದುಕೊಂಡಿವೆ, ಬಣ್ಣ ಕಳೆದುಕೊಂಡಿವೆ. ಮೆಟಾಕ್ರಾಂಗೊನಿಕ್ಟಿಡೆ ಕುಟುಂಬದ ಎಲ್ಲ ಸದಸ್ಯರೂ ಇಂಥ ಕತ್ತಲ ನೀರಿನವರೇ.

ಇನ್ನೊಂದು ಸಂಗತಿ ಈ ಪ್ರಕರಣಕ್ಕೆ ಬಹಳ ಮುಖ್ಯ. ಏಡಿಗಳ ಮರಿಗಳು ಹುಟ್ಟಿದ ಕೂಡಲೇ ಸಮುದ್ರದ ನೀರಿನಲ್ಲಿ ವಾರಗಟ್ಟಲೆ ತೇಲುತ್ತಾ ದೂರ ದೂರ ಹೋಗುತ್ತವೆ. ಆಂಫಿಪಾಡ್‌ಗಳಲ್ಲಿ ಆ ಹಂತವೇ ಇಲ್ಲ. ತಾಯಿ ಎದೆಯ ಕೆಳಗಿನ ಚೀಲದಲ್ಲಿ ಮೊಟ್ಟೆ ಇಟ್ಟುಕೊಳ್ಳುತ್ತದೆ. ಮರಿ ಅಲ್ಲೇ ಬೆಳೆದು, ತಾಯಿಯದೇ ಪುಟ್ಟ ರೂಪವಾಗಿ ಹೊರಗೆ ಬರುತ್ತದೆ. ಬಾವಿಯ ತಳದ ಬಂಡೆ ಬಿರುಕಿನಲ್ಲಿ ಹುಟ್ಟಿದ್ದು ಅಲ್ಲೇ ಬೆಳೆದು ಅಲ್ಲೇ ಸಾಯುತ್ತದೆ. ಸಾಗರ ದಾಟಲು ಇದಕ್ಕಿಂತ ಅನರ್ಹ ಪ್ರಯಾಣಿಕ ಸಿಗುವುದು ಕಷ್ಟ, ಅಲ್ವಾ?

ಹಾಗಾಗಿ ವಿವರಣೆ ಎರಡೇ ದಾರಿಯಲ್ಲಿ ಸಾಧ್ಯ. ಒಂದು, ಜೀವಿ ಎಲ್ಲೂ ಹೋಗಲಿಲ್ಲ, ನೆಲವೇ ಹೋಯಿತು. ಆಫ್ರಿಕಾ, ಯುರೋಪ್, ಅಮೆರಿಕ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದಲ್ಲಿ, ಅಥವಾ ನಡುವಿನ ಸಮುದ್ರ ಇನ್ನೂ ಕಿರಿದಾಗಿದ್ದಾಗ, ಇವುಗಳ ಪೂರ್ವಜರು ಆ ದಡಗಳಲ್ಲಿದ್ದರು. ಅಟ್ಲಾಂಟಿಕ್ ಅಗಲವಾಗುತ್ತಾ ಹೋದಂತೆ ಬಳಗ ಎರಡಾಯಿತು. ಎರಡು, ಸಾಗರ ಅಗಲವಾದ ಮೇಲೆ ಯಾವುದೋ ರೀತಿಯಲ್ಲಿ ಕೆಲವು ದಾಟಿದವು. ಯಾವುದು ಸರಿ ಎಂಬುದು ಒಂದೇ ಸಂಖ್ಯೆಯ ಮೇಲೆ ನಿಂತಿದೆ. ಎರಡು ದಡದ ಬಳಗಗಳು ಬೇರೆಯಾಗಿ ಎಷ್ಟು ಕಾಲವಾಯಿತು?

ಇಲ್ಲಿ ಹಿನ್ನೆಲೆ ಸ್ವಲ್ಪ ಬೇಕು. ನೆಲದಡಿಯ ಹಲವು ಕ್ರಸ್ಟೇಷಿಯನ್‌ಗಳು ಸಿಹಿನೀರಿನ ಹೊಳೆಗಳಿಂದ ಬಂದವಲ್ಲ, ಸಮುದ್ರದಿಂದ ಬಂದವು. ಡಚ್ ಪ್ರಾಣಿಶಾಸ್ತ್ರಜ್ಞ ಯಾನ್ ಸ್ಟಾಕ್ ಇದಕ್ಕೆ ಒಂದು ಸರಳ ಚಿತ್ರ ಕೊಟ್ಟರು. ಸಮುದ್ರ ಏರಿ ನೆಲದ ಮೇಲೆ ಹರಡುತ್ತದೆ, ಕಡಲ ಜೀವಿಗಳು ದಡದ ಮರಳು, ಜಲ್ಲಿ, ಬಂಡೆ ಸಂದುಗಳನ್ನು ಸೇರುತ್ತವೆ. ಮುಂದೆ ಸಮುದ್ರ ಹಿಂದೆ ಸರಿಯುತ್ತದೆ. ಜೀವಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಮಳೆನೀರು ಇಳಿದು ಉಪ್ಪು ಕಡಿಮೆಯಾದಂತೆ ಅವೂ ಹೊಂದಿಕೊಳ್ಳುತ್ತವೆ. ಮೆಟಾಕ್ರಾಂಗೊನಿಕ್ಸ್ ಇರುವ ಜಾಗಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದರೆ ಅವೆಲ್ಲ ಈಗ ಇಲ್ಲದ ಹಳೆಯ ಟೆಥಿಸ್ ಸಾಗರದ ಆಳವಿಲ್ಲದ ನೀರು ಒಮ್ಮೆ ಹರಡಿದ್ದ ಅಂಚುಗಳಲ್ಲೇ ಬೀಳುತ್ತವೆ. ಇದು ಒಂದೇ ಕುಟುಂಬದ ಕತೆಯೂ ಅಲ್ಲ. ರೆಮಿಪೀಡ್ ಎಂಬ ಇನ್ನೊಂದು ಕುರುಡು ಗುಂಪು ಬಹಾಮಾಸ್‌ನಲ್ಲಿದೆ, ಕ್ಯಾನರಿಯ ಲಾಂಜರೋಟೆಯಲ್ಲಿದೆ, ಪಶ್ಚಿಮ ಆಸ್ಟ್ರೇಲಿಯಾದ ಒಂದು ನೀರಗುಂಡಿಯಲ್ಲೂ ಇದೆ. ಇಂಥ ಹರಹು ಕಂಡಾಗ ಖಂಡಗಳೇ ಇವನ್ನು ಹೊತ್ತುಕೊಂಡು ಹೋದವು ಎಂದು ಹೇಳಬೇಕೆನಿಸುವುದು ಸಹಜ.

ಮೈಟೊಕಾಂಡ್ರಿಯಾ ಯಾಕೆ

ಮೈಕಟ್ಟು ನೋಡಿ ಸಂಬಂಧ ಹೇಳುವುದು ಇಲ್ಲಿ ಅಪಾಯದ ಕೆಲಸ. ಕತ್ತಲು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹಾಕುತ್ತದೆ. ಕಣ್ಣು ಹೋಗುತ್ತದೆ, ಬಣ್ಣ ಹೋಗುತ್ತದೆ, ಕಾಲು, ಮೀಸೆ ಉದ್ದವಾಗುತ್ತವೆ. ನೆಂಟಸ್ತನವೇ ಇಲ್ಲದ ಎರಡು ಪ್ರಭೇದಗಳು ಅಣ್ಣತಮ್ಮಂದಿರಂತೆ ಕಾಣಬಹುದು. ಇದಕ್ಕೆ ಉಲ್ಟಾ, ಒಂದೇ ಪ್ರಭೇದ ಎಂದು ಹೆಸರಿಟ್ಟಿದ್ದು ಲಕ್ಷಾಂತರ ವರ್ಷ ಬೇರೆಯಾಗಿಯೇ ಇದ್ದ ಎರಡು ಮೂರು ಪ್ರಭೇದಗಳಾಗಿರಬಹುದು.

ಆಗ ಕೈಗೆ ಸಿಗುವುದು ಮೈಟೊಕಾಂಡ್ರಿಯಾ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಘಟಕಕ್ಕೆ ತನ್ನದೇ ಡಿಎನ್‌ಎ ಇದೆ. ಬಳೆಯಂತೆ ದುಂಡಗಿನ ಒಂದು ಎಳೆ. ಅದರಲ್ಲಿ ಸಾಮಾನ್ಯವಾಗಿ 37 ಜೀನ್‌ಗಳು. 13 ಪ್ರೋಟೀನ್ ಮಾಡಲು, ಉಳಿದವು ಪ್ರೋಟೀನ್ ಕಟ್ಟಲು ನೆರವಾಗುವ ಅಣುಗಳಿಗೆ: 22 ಟಿಆರ್‌ಎನ್‌ಎಗೆ, 2 ಆರ್‌ಆರ್‌ಎನ್‌ಎಗೆ. ಒಂದು ಕೋಶದಲ್ಲಿ ಇದರ ನೂರಾರು ಪ್ರತಿಗಳಿರುತ್ತವೆ. ಇಡೀ ಪ್ರಾಣಿಯೇ ಅಕ್ಕಿಕಾಳಿಗಿಂತ ಚಿಕ್ಕದಿರುವಾಗ, ವರ್ಷಗಟ್ಟಲೆ ಹುಡುಕಿ ಸಿಕ್ಕಿದ್ದು ಎರಡೇ ಆಗಿರುವಾಗ, ಇದು ಎಷ್ಟು ದೊಡ್ಡ ಅನುಕೂಲ ಎಂದು ಹೊಲ-ಬಾವಿ ಸುತ್ತಿ ಮಾದರಿ ತಂದವರಿಗೆ ಗೊತ್ತು. ತಾಯಿಯಿಂದ ಮಾತ್ರ ಬರುವುದರಿಂದ ವಂಶದ ದಾರಿಯೂ ನೇರ.

ಈ ಕುಟುಂಬದಲ್ಲಿ ಮೊದಲು ಪೂರ್ತಿ ಓದಿದ್ದು ಮೆಟಾಕ್ರಾಂಗೊನಿಕ್ಸ್ ಲಾಂಜಿಪೆಸ್ ಎಂಬ ಪ್ರಭೇದವನ್ನು. ಮಯೋರ್ಕಾ, ಮೆನೋರ್ಕಾದ ಬಾವಿ-ಗುಹೆಗಳ ಜೀವಿ ಇದು. 2009ರಲ್ಲಿ ಬಂದ ಆ ಕೆಲಸದ ಪ್ರಕಾರ ಅದರ ಮೈಟೊಕಾಂಡ್ರಿಯಾ ಜೀನೋಮ್ 14,113 ಅಕ್ಷರ ಉದ್ದ. (ಡಿಎನ್‌ಎ ಬರೆದಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ.) ಮನುಷ್ಯನದು 16,569. ಜೀನ್‌ಗಳ ಸಂಖ್ಯೆ ಒಂದೇ, ಹಾಗಾದರೆ ಕಡಿಮೆಯಾದದ್ದು ಎಲ್ಲಿ? ಒಂದು ಭಾಗ ನಿಯಂತ್ರಣ ಪ್ರದೇಶದಲ್ಲಿ. ಡಿಎನ್‌ಎ ನಕಲು ಶುರುವಾಗುವುದಕ್ಕೆ ಸಂಬಂಧಿಸಿದ ಈ ತುಣುಕು ಮನುಷ್ಯನಲ್ಲಿ ಸಾವಿರಕ್ಕೂ ಜಾಸ್ತಿ ಅಕ್ಷರ. ಇಲ್ಲಿ ಬರೀ 76! ಜೀನ್‌ಗಳು ಸಾಲಾಗಿ ಕುಳಿತ ಕ್ರಮವೂ ಬೇರೆ ಯಾವ ಆಂಫಿಪಾಡ್‌ನಲ್ಲೂ ಆಗ ಕಾಣದಂಥದ್ದು. ಎ ಮತ್ತು ಟಿ ಅಕ್ಷರಗಳೇ ನೂರಕ್ಕೆ 76ರಷ್ಟು. ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2012ರ ಉತ್ತರ

ಮಯೋರ್ಕಾ, ಮೆನೋರ್ಕಾ ಸೇರಿರುವ ಬಾಲಿಯಾರಿಕ್ ದ್ವೀಪಗಳ ಸಂಶೋಧಕರ ನೇತೃತ್ವದ ತಂಡ 21 ಮೆಟಾಕ್ರಾಂಗೊನಿಕ್ಟಿಡ್‌ಗಳ ಹೆಚ್ಚುಕಡಿಮೆ ಪೂರ್ತಿ ಮೈಟೊಕಾಂಡ್ರಿಯಾ ಜೀನೋಮ್‌ಗಳನ್ನು ಒಟ್ಟಿಗೆ ಓದಿತು. ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ 2012ರಲ್ಲಿ ಅದು ಪ್ರಕಟವಾಯಿತು. ಮಾಡಿದ ರೀತಿ ಆ ಕಾಲಕ್ಕೆ ಜಾಣತನದ್ದು. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಎಂಬ ವಿಧಾನದಿಂದ ಉದ್ದುದ್ದ ತುಂಡುಗಳನ್ನು ಹೆಚ್ಚಿಸಿ, ಹಲವು ಪ್ರಭೇದಗಳದ್ದನ್ನು ಒಟ್ಟಿಗೆ ಬೆರೆಸಿ, ಡಿಎನ್‌ಎ ಓದುವ 454 ಎಂಬ ಯಂತ್ರಕ್ಕೆ ಕೊಟ್ಟರು. ಆಮೇಲೆ ಕಂಪ್ಯೂಟರ್‌ನಲ್ಲಿ ತುಣುಕುಗಳನ್ನು ಜೋಡಿಸಿದರು. ಪ್ರಭೇದಗಳ ನಡುವೆ ವ್ಯತ್ಯಾಸ ಸಾಕಷ್ಟು ಇದ್ದರೆ ಬೆರೆಸಿದ್ದನ್ನು ಹೀಗೆ ಮತ್ತೆ ಬಿಡಿಸಬಹುದು. ಒಂದೊಂದಕ್ಕೂ ಬೇರೆ ಬೇರೆ ಓದಿಸಿದ್ದರೆ ಆಗುತ್ತಿದ್ದ ಖರ್ಚು ಉಳಿಯಿತು. 454 ಯಂತ್ರಗಳು ಈಗ ಬಳಕೆಯಲ್ಲಿಲ್ಲ, ಉಪಾಯ ಮಾತ್ರ ಉಳಿದಿದೆ.

ಫಲಿತಾಂಶದ ಮೊದಲ ಭಾಗ ವಂಶವೃಕ್ಷ. ಹಿಸ್ಪಾನಿಯೋಲಾ ಮತ್ತು ಕ್ಯಾನರಿಯ ಪ್ರಭೇದಗಳು ಉತ್ತರ ಆಫ್ರಿಕಾ ಮತ್ತು ಮೆಡಿಟರೇನಿಯನ್‌ನವಕ್ಕೆ ಹೇಗೆ ಸಂಬಂಧ ಎಂಬುದು ಸ್ಪಷ್ಟವಾಯಿತು. ಒಂದೆರಡು ಜೀನ್ ಓದಿದಾಗ ಹಳೆಯ ಕವಲುಗಳು ಮಸುಕಾಗಿ ಕಾಣುತ್ತವೆ. ಇಡೀ ಜೀನೋಮ್ ಇದ್ದಾಗ ಗಟ್ಟಿಯಾಗುತ್ತವೆ.

ಎರಡನೆಯ ಭಾಗ ಕಾಲ. ಸಾಗರದ ಎರಡು ಕಡೆಯವು ಬೇರೆಯಾದದ್ದು ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ 14.5 ಕೋಟಿಯಿಂದ 6.6 ಕೋಟಿ ವರ್ಷದ ಹಿಂದಿನ ಅವಧಿಯೊಳಗೆ, ಎಂದು ಅವರ ಲೆಕ್ಕ ಬಂತು. ಮಧ್ಯ ಅಟ್ಲಾಂಟಿಕ್ ಅಗಲವಾದ ಕಾಲಕ್ಕೆ ಇದು ಹೊಂದುತ್ತದೆ ಎಂದು ತಂಡ ಹೇಳಿತು. ನೆಲವೇ ಹೋಯಿತು ಎಂಬ ವಿವರಣೆಗೆ ಗೆಲುವು.

ಈ ಲೇಖನ ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಡೈನೋಸಾರ್‌ಗಳು ಓಡಾಡುತ್ತಿದ್ದಾಗ ದಾಯಾದಿಗಳಾಗಿ ಬೇರೆಯಾದವು, ಇವತ್ತಿಗೂ ಎರಡು ದಡದ ಬಾವಿಗಳಲ್ಲಿ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬದುಕಿವೆ! ಅಂಥ ಕತೆ ನಿಜವಾಗಿರಲಿ ಎಂದು ಮನಸ್ಸು ಬಯಸುತ್ತದೆ. ಅದಕ್ಕೇ ಲೆಕ್ಕವನ್ನು ಇನ್ನೊಮ್ಮೆ ನಿಧಾನವಾಗಿ ನೋಡಬೇಕು.

ಗಡಿಯಾರಕ್ಕೆ ಕೀಲಿ ಕೊಟ್ಟವರು ಯಾರು

ಡಿಎನ್‌ಎ ತಾನಾಗಿ ವರ್ಷ ಹೇಳುವುದಿಲ್ಲ. ಎಷ್ಟು ಅಕ್ಷರ ಬದಲಾಗಿದೆ ಎಂದಷ್ಟೇ ಹೇಳುತ್ತದೆ. ಒಂದು ಅಕ್ಷರ ಬದಲಾಗಲು ಎಷ್ಟು ಕಾಲ ಬೇಕು ಎಂಬುದನ್ನು ಹೊರಗಿನಿಂದ ತರಬೇಕು. ಆ ವೇಗವೇ ಇಲ್ಲಿ ಕಾಲ ಅಳೆಯುವ ಗಡಿಯಾರ. ಸಂಧಿಪದಿಗಳಲ್ಲಿ ಬಹಳ ಜನ ಬಳಸುವ ಒಂದು ವೇಗವಿದೆ. ಎರಡು ಬಳಗಗಳು ಬೇರೆಯಾದ ಮೇಲೆ ಪ್ರತಿ 10 ಲಕ್ಷ ವರ್ಷಕ್ಕೆ ಅವುಗಳ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ಶೇ. 2.3ರಷ್ಟು ವ್ಯತ್ಯಾಸ ಕೂಡುತ್ತದೆ ಎಂಬುದು. 1994ರಲ್ಲಿ ಕೀಟಗಳ ಅಧ್ಯಯನದಿಂದ ಬಂದ ಸಂಖ್ಯೆ.

ಇದನ್ನು ಇಲ್ಲಿಗೆ ಹಾಕಿ ನೋಡೋಣ. 1 ಕೋಟಿ ವರ್ಷಕ್ಕೆ ಶೇ. 23. ಸರಿ. 8 ಕೋಟಿ ವರ್ಷಕ್ಕೆ? ಶೇ. 184. ನೂರು ಅಕ್ಷರದಲ್ಲಿ 184 ವ್ಯತ್ಯಾಸ ಇರಲು ಸಾಧ್ಯವೇ ಇಲ್ಲ. ಅಂದರೆ ಅಷ್ಟು ಕಾಲದಲ್ಲಿ ಒಂದೇ ಜಾಗದ ಅಕ್ಷರ ಎರಡು ಸಲ, ಮೂರು ಸಲ ಬದಲಾಗಿರುತ್ತದೆ. ಕೆಲವೊಮ್ಮೆ ತಿರುಗಿ ಮೊದಲಿನದೇ ಆಗಿರುತ್ತದೆ. ಸ್ಲೇಟಿನ ಮೇಲೆ ಬರೆದದ್ದರ ಮೇಲೇ ಮತ್ತೆ ಮತ್ತೆ ಬರೆದಂತೆ. ನಮಗೆ ಕಾಣುವುದು ಕೊನೆಯ ಬರಹ ಮಾತ್ರ.

ಈಗ ಎ-ಟಿ ಅಕ್ಷರಗಳ ಆ ಶೇ. 76ಕ್ಕೆ ಬರೋಣ. ನಾಲ್ಕು ಅಕ್ಷರಗಳೂ ಸಮನಾಗಿದ್ದರೆ, ಸಂಬಂಧವೇ ಇಲ್ಲದ ಎರಡು ಡಿಎನ್‌ಎ ಎಳೆಗಳು ಸುಮ್ನೆ ಆಕಸ್ಮಿಕವಾಗಿ ಶೇ. 25ರಷ್ಟು ಜಾಗಗಳಲ್ಲಿ ಹೊಂದುತ್ತವೆ. ಎ ಮತ್ತು ಟಿ ಸೇರಿ ಶೇ. 76 ಇದ್ದರೆ? ತಲಾ 38 ಎಂದುಕೊಂಡು ಲೆಕ್ಕ ಹಾಕಿದರೆ ಆಕಸ್ಮಿಕ ಹೊಂದಾಣಿಕೆ ಸುಮಾರು ಶೇ. 32ಕ್ಕೆ ಏರುತ್ತದೆ. ಅಂದರೆ ಈ ಜೀವಿಗಳ ಡಿಎನ್‌ಎ, ಹೊಸ ಬದಲಾವಣೆ ಲೆಕ್ಕಕ್ಕೆ ಸಿಗದಷ್ಟು, ಇನ್ನೂ ಬೇಗ ತುಂಬಿಹೋಗುತ್ತದೆ. ಅದರಲ್ಲೂ ಪ್ರೋಟೀನ್ ಜೀನ್‌ಗಳಲ್ಲಿ ಮೂರು ಮೂರು ಅಕ್ಷರದ ಗುಂಪುಗಳಿರುತ್ತವಲ್ಲ, ಅವುಗಳ ಮೂರನೆಯ ಅಕ್ಷರ ಬದಲಾದರೂ ಪ್ರೋಟೀನ್ ಬಹುತೇಕ ಬದಲಾಗುವುದಿಲ್ಲ. ಹಾಗಾಗಿ ಅದು ಎಲ್ಲಕ್ಕಿಂತ ಮೊದಲು ಮಸುಕಾಗುತ್ತದೆ. ಗಣಿತದ ಮಾದರಿಗಳು ಕಾಣದ ಬದಲಾವಣೆಗಳನ್ನು ಅಂದಾಜು ಮಾಡುತ್ತವೆ ನಿಜ. ಆದರೆ ಮಾದರಿ ಬದಲಾದರೆ ವಯಸ್ಸೂ ಬದಲಾಗುತ್ತದೆ. ಎಳೆಯ ಕವಲಿಗೆ ವರ್ಷ ಕಟ್ಟಿ ಹಳೆಯದನ್ನು ಅಳೆದರೆ ವಯಸ್ಸು ಕಡಿಮೆ ಬರುವ ಅಪಾಯ. ಹಳೆಯ ಕವಲಿಗೆ ಕಟ್ಟಿ ಎಳೆಯದನ್ನು ಅಳೆದರೆ ಜಾಸ್ತಿ ಬರುವ ಅಪಾಯ.

ಹಾಗಾದರೆ ವರ್ಷ ಕಟ್ಟಲು ಪಳೆಯುಳಿಕೆ ಬಳಸಬಹುದಲ್ಲ? ಇಲ್ಲಿ ಆ ದಾರಿ ಮುಚ್ಚಿದೆ. ಆಂಫಿಪಾಡ್‌ಗಳ ಪಳೆಯುಳಿಕೆಗಳು ಬಹಳ ಕಡಿಮೆ. ಸಿಕ್ಕಿದವುಗಳಲ್ಲಿ ಹಲವು ಬಾಲ್ಟಿಕ್ ಪ್ರದೇಶದ ಅಂಬರ್‌ನಲ್ಲಿ, ಅಂದರೆ ಹಳೆಯ ಮರದ ಅಂಟಿನಲ್ಲಿ, ಸಿಕ್ಕಿಬಿದ್ದವು. ಅಂತರ್ಜಲದ ಬಿರುಕಿನಲ್ಲಿ ಬದುಕುವ ಮೃದು ಮೈಯ ಜೀವಿ ಕಲ್ಲಾಗುವುದು ಎಲ್ಲಿಂದ? ಉಳಿದದ್ದು ಭೂಮಿಯ ಇತಿಹಾಸ. ಈ ದ್ವೀಪ ಆ ನೆಲದಿಂದ ಬೇರೆಯಾದದ್ದು ಇಂಥ ಕಾಲದಲ್ಲಿ, ಆದ್ದರಿಂದ ಅಲ್ಲಿಯ ಜೀವಿಗಳೂ ಆಗಲೇ ಬೇರೆಯಾಗಿರಬೇಕು ಎಂದು ಒಂದು ಕವಲಿಗೆ ವರ್ಷ ಕಟ್ಟುವುದು. ನೆಲ ಒಡೆದಾಗಲೇ ಜೀವಿಯೂ ಒಡೆಯಿತು ಎಂಬುದು ಇಲ್ಲಿ ಮೊದಲೇ ಒಪ್ಪಿಕೊಂಡ ಮಾತು. ಕೊನೆಗೆ ಸಾಧಿಸಬೇಕಾದದ್ದೂ ಅದೇ ಬಗೆಯ ಮಾತು! ಕವಲುಗಳು ಬೇರೆ ಬೇರೆ ಇರಬಹುದು, ತಪ್ಪು ಅಷ್ಟರ ಮಟ್ಟಿಗೆ ಕಡಿಮೆ. ಆದರೂ ನೆರಳು ಉಳಿಯುತ್ತದೆ.

2013ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ತಂಡ ಆಕ್ಷೇಪ ಎತ್ತಿತು. ಖಂಡಗಳ ಚಲನೆಗೂ ಜೀವಿಗಳ ಕವಲಿಗೂ ಗಂಟು ಹಾಕುವ ಈ ರೀತಿಯ ಬಗ್ಗೆಯೇ ಅವರ ತಕರಾರು. ಕವಲುಗಳು ಅಷ್ಟು ಹಳೆಯವಲ್ಲ, ದಾಟಿ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಅವರ ವಾದ. ಮೊದಲ ತಂಡ ಅಲ್ಲೇ ಉತ್ತರ ಕೊಟ್ಟಿತು. ಎರಡೂ ಕಡೆಯವರ ಕೈಯಲ್ಲಿದ್ದದ್ದು ಅದೇ ಡಿಎನ್‌ಎ ಎಂಬುದನ್ನು ಗಮನಿಸಬೇಕು.

ನೆಲ ಹೇಳುವುದೇನು

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಎರಡು ದ್ವೀಪಗಳಲ್ಲಿದೆ.

ಫ್ಯುರ್ಟೆವೆಂಚುರಾ ಜ್ವಾಲಾಮುಖಿ ದ್ವೀಪ. ಸಮುದ್ರದ ತಳದಿಂದ ಎದ್ದು ಬಂದದ್ದು. ಆಫ್ರಿಕಾಕ್ಕೆ ಅದು ಎಂದೂ ಅಂಟಿಕೊಂಡಿರಲಿಲ್ಲ. ನೀರಿನ ಮೇಲೆ ತಲೆ ಎತ್ತಿ 2 ಕೋಟಿ ವರ್ಷಕ್ಕಿಂತ ಜಾಸ್ತಿಯಾಗಿದೆ, ಆದರೆ ಕ್ರಿಟೇಷಿಯಸ್‌ನಷ್ಟು ಹಳೆಯದಲ್ಲ. ಅಲ್ಲಿ ಮೆಟಾಕ್ರಾಂಗೊನಿಕ್ಸ್ ರೆಪೆನ್ಸ್ ಇದೆ. ಅದು ಅಲ್ಲಿಗೆ ಖಂಡದ ಬೆನ್ನೇರಿ ಬಂದಿರಲಾರದು. ಅದೋ, ಅದರ ಪೂರ್ವಜರೋ, ಸುಮಾರು 100 ಕಿ.ಮೀ. ಸಮುದ್ರವನ್ನು ಹೇಗೋ ದಾಟಿರಲೇಬೇಕು. 100 ಕಿ.ಮೀ.ಗೂ 6,000 ಕಿ.ಮೀ.ಗೂ ಬಹಳ ಅಂತರ, ಒಪ್ಪುತ್ತೇನೆ. ಆದರೆ ಈ ಕುಟುಂಬ ಉಪ್ಪುನೀರು ದಾಟುವುದೇ ಇಲ್ಲ ಎಂಬ ಮಾತು ಇಲ್ಲಿಗೆ ಬಿತ್ತು.

ಹಿಸ್ಪಾನಿಯೋಲಾ ಇನ್ನೂ ಕಗ್ಗಂಟು. ಕೆರಿಬಿಯನ್ ಭೂಫಲಕ ಪೆಸಿಫಿಕ್ ಕಡೆಯಿಂದ ಪೂರ್ವಕ್ಕೆ ಸರಿದು ಬಂದದ್ದು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ಅದರ ಮೇಲಿನ ದೊಡ್ಡ ದ್ವೀಪಗಳಲ್ಲಿ ಶಾಶ್ವತವಾಗಿ ನೀರಿನ ಮೇಲೆ ಉಳಿದ ನೆಲ ಸುಮಾರು 4 ಕೋಟಿ ವರ್ಷಕ್ಕಿಂತ ಹಳೆಯದಲ್ಲ ಎಂಬುದು 1999ರಿಂದ ಬಲವಾಗಿ ನಿಂತಿರುವ ಒಂದು ವಾದ. ಹಾಗಿದ್ದರೆ ದ್ವೀಪದ ನೆಲಕ್ಕಿಂತ ಅದರ ಬಾವಿಯ ಜೀವಿ ಹಳೆಯದಾಗುವುದು ಹೇಗೆ?

ಇದಕ್ಕೆ ಉತ್ತರವಿಲ್ಲ ಎಂದಲ್ಲ. ಬೇರೆಯಾದಾಗ ಅವು ಇನ್ನೂ ಕಡಲ ಜೀವಿಗಳೇ ಆಗಿದ್ದಿರಬಹುದು. ಅಟ್ಲಾಂಟಿಕ್‌ನ ಎರಡು ದಡದ ಆಳವಿಲ್ಲದ ನೀರಿನಲ್ಲಿ ಎರಡು ಬಳಗ. ಪಶ್ಚಿಮದ ಬಳಗ ದಡದಿಂದ ದಡಕ್ಕೆ, ತಿಟ್ಟಿನಿಂದ ತಿಟ್ಟಿಗೆ ಸರಿಯುತ್ತಾ, ನೆಲ ಮೇಲೆದ್ದಾಗ ಅದರೊಳಗೆ ಸೇರಿಕೊಂಡಿತು. ಸ್ಟಾಕ್ ಅವರ ಚಿತ್ರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಆಗ ಒಂದು ಮಾತು ಬದಲಾಗುತ್ತದೆ. ಕವಲು ಒಡೆದ ಕಾಲ ಬೇರೆ, ನೆಲದಡಿ ಇಳಿದ ಕಾಲ ಬೇರೆ. ವಂಶವೃಕ್ಷದಲ್ಲಿ ಕಾಣುವುದು ಮೊದಲನೆಯದು. ಕುರುಡಾಗಿ, ಬಿಳಿಚಿಕೊಂಡು ಬಾವಿ ಸೇರಿದ್ದು ಆಮೇಲೆ, ಎರಡು ದಡದಲ್ಲೂ ಬೇರೆ ಬೇರೆಯಾಗಿ ನಡೆದಿರಬಹುದು. ಡೈನೋಸಾರ್ ಕಾಲದಿಂದ ಬಾವಿಯಲ್ಲೇ ಇವೆ ಎಂಬ ನನ್ನ ಮೊದಲಿನ ರೋಮಾಂಚನ ಅಲ್ಲಿಗೆ ಕರಗಿತು.

ನಿಧಾನದ ಬದುಕು, ಗಡಿಯಾರದ ವೇಗ

ಇಲ್ಲಿ ಇನ್ನೊಂದು ಅನುಮಾನ ಹಲವರಿಗೆ ಬರುತ್ತದೆ. ಅಂತರ್ಜಲದ ಜೀವಿಗಳು ನಿಧಾನಸ್ಥರು. ಆಹಾರ ಕಡಿಮೆ, ಬೆಳವಣಿಗೆ ನಿಧಾನ, ಆಯಸ್ಸು ಜಾಸ್ತಿ, ಮರಿಗಳು ಕಡಿಮೆ. ತಲೆಮಾರುಗಳು ನಿಧಾನವಾದರೆ ಡಿಎನ್‌ಎ ಬದಲಾಗುವ ವೇಗವೂ ತಗ್ಗಬೇಕಲ್ಲ? ಹಾಗಿದ್ದರೆ ಮೇಲಿನ ನೀರಿನ ಜೀವಿಗಳ ವೇಗ ಇಲ್ಲಿ ತಪ್ಪು ಉತ್ತರ ಕೊಡುತ್ತದೆ.

ಇದನ್ನು ಆಂಫಿಪಾಡ್‌ಗಳಲ್ಲಿ ಅಲ್ಲ, ಅವುಗಳ ದೂರದ ನೆಂಟರಾದ ಐಸೊಪಾಡ್‌ಗಳಲ್ಲಿ ಪರೀಕ್ಷಿಸಿದ್ದಾರೆ. ಅಸೆಲಿಡೆ ಎಂಬ ಕುಟುಂಬದಲ್ಲಿ ಹೊಳೆಯಲ್ಲಿರುವವೂ ಇವೆ, ನೆಲದಡಿ ಇಳಿದವೂ ಇವೆ. ಇಳಿದದ್ದು ಒಂದೇ ಸಲವಲ್ಲ, ಹಲವು ಸಲ, ಬೇರೆ ಬೇರೆ ಕವಲುಗಳಲ್ಲಿ. ಹಾಗಾಗಿ ಜೋಡಿ ಜೋಡಿಯಾಗಿ ಹೋಲಿಸಬಹುದು. 2018ರಲ್ಲಿ ಬಂದ ಫಲಿತಾಂಶ ನನಗೆ ತುಂಬಾ ಇಷ್ಟ. ಕೋಶಕೇಂದ್ರದ ಡಿಎನ್‌ಎ ಬದಲಾಗುವ ವೇಗ ಜೀವನಕ್ರಮಕ್ಕೆ ತಕ್ಕಂತೆ ತಗ್ಗುತ್ತದೆ, ಮೈಟೊಕಾಂಡ್ರಿಯಾದ್ದು ತಗ್ಗುವುದಿಲ್ಲ! ಒಂದೇ ಜೀವಿಯ ಎರಡು ಗಡಿಯಾರಗಳು ಎರಡು ಬಗೆಯಲ್ಲಿ ನಡೆಯುತ್ತವೆ. ಆಂಫಿಪಾಡ್‌ಗಳಲ್ಲೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಒಂದು ಅನುಮಾನದ ಭಾರ ಸ್ವಲ್ಪ ಇಳಿಯಿತು. ಕಾಲ ಅಳೆಯಲು ಮೈಟೊಕಾಂಡ್ರಿಯಾ ಬಿಟ್ಟು ಕೋಶಕೇಂದ್ರದ ಜೀನ್‌ಗಳಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಸಲೀಸು ಸಲಹೆಗೂ ಪೆಟ್ಟು ಬಿತ್ತು.

ಎಲ್ಲಿಗೆ ಬಂದೆವು

ವಂಶವೃಕ್ಷವನ್ನು ನಾನು ನಂಬುತ್ತೇನೆ. ಹಿಸ್ಪಾನಿಯೋಲಾದವು ಆಫ್ರಿಕಾ-ಮೆಡಿಟರೇನಿಯನ್ ಬಳಗದ ನಿಜವಾದ ನೆಂಟರು. ಕತ್ತಲು ತಂದ ಹೋಲಿಕೆ ನೋಡಿ ಮೋಸಹೋಗಿಲ್ಲ. ಬರೀ ಮೈಕಟ್ಟಿನಿಂದ ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ಆದರೂ ಒಂದು ಎಚ್ಚರ ಬೇಕು. 37 ಜೀನ್ ಎಂದರೆ 37 ಸಾಕ್ಷಿಗಳಲ್ಲ. ಎಲ್ಲವೂ ಒಂದೇ ಬಳೆಯ ಮೇಲಿವೆ, ಒಂದೇ ತಾಯಿಯಿಂದ ಒಟ್ಟಿಗೆ ಬರುತ್ತವೆ. ಕ್ರಸ್ಟೇಷಿಯನ್‌ಗಳಲ್ಲಿ ಇನ್ನೊಂದು ಕಾಟವೂ ಇದೆ. ಮೈಟೊಕಾಂಡ್ರಿಯಾದ ತುಣುಕುಗಳು ಕೋಶಕೇಂದ್ರದ ಡಿಎನ್‌ಎಗೆ ನಕಲಾಗಿ ಅಲ್ಲೇ ಉಳಿದುಬಿಡುತ್ತವೆ. ಸಿಹಿನೀರಿನ ಕ್ರೇಫಿಶ್‌ಗಳಲ್ಲಿ ಇಂಥ ಸತ್ತ ನಕಲುಗಳನ್ನು ಓದಿ, ಇಲ್ಲದ ಪ್ರಭೇದಗಳು ಇವೆ ಎಂದು ಎಣಿಸುವ ಅಪಾಯವನ್ನು 2008ರಲ್ಲೇ ತೋರಿಸಿದ್ದಾರೆ. ಉದ್ದದ ತುಂಡುಗಳನ್ನು ಓದುವುದು ಇದಕ್ಕೆ ಒಳ್ಳೆಯ ಕಾವಲು. ಇಡೀ ಜೀನೋಮ್ ಓದಿ, ಪ್ರೋಟೀನ್ ಜೀನ್‌ಗಳು ನಡುವೆ ಮುರಿಯದೆ ಇವೆಯೇ ಎಂದು ನೋಡಿದರೆ ಹೆಚ್ಚಿನ ನಕಲುಗಳು ಸಿಕ್ಕಿಬೀಳುತ್ತವೆ.

ಕಾಲದ ವಿಷಯದಲ್ಲಿ ನಾನು ಎರಡೂ ಕಡೆಯ ನಡುವೆ ನಿಂತಿಲ್ಲ, 2013ರ ಆಕ್ಷೇಪದ ಕಡೆಗೇ ಸ್ವಲ್ಪ ವಾಲಿದ್ದೇನೆ. ಖಂಡ ಒಡೆದದ್ದೇ ಕಾರಣ ಎಂದು ಹೇಳಬೇಕಾದರೆ ಆ ವಯಸ್ಸು ಖಂಡಗಳ ಕತೆಯಿಂದ ಸಾಲ ತಂದದ್ದಾಗಿರಬಾರದು. ಈ ಕುಟುಂಬದ ಒಂದು ಕಡಲ ಸದಸ್ಯ ಸಿಕ್ಕರೆ ಬಹಳ ಬದಲಾಗುತ್ತದೆ. ದಡದ ಜಲ್ಲಿಯಲ್ಲೋ ಮುಳುಗಿದ ಗುಹೆಯಲ್ಲೋ ಈಗಲೂ ಉಪ್ಪುನೀರಿನಲ್ಲಿ ಬದುಕಿರುವ ಒಂದೇ ಒಂದು ಪ್ರಭೇದ ಸಾಕು. ಅದು ಎರಡು ದಡದ ಬಳಗಗಳ ನಡುವೆ ಕೂರುತ್ತದೋ, ಹೊರಗೆ ಕೂರುತ್ತದೋ ಎಂಬುದರ ಮೇಲೆ, ದಾಟಿದ್ದು ಬಾವಿಯ ಜೀವಿಯೋ ಕಡಲ ಜೀವಿಯೋ ಎಂದು ಕೇಳಬಹುದು. ಅದಕ್ಕೆ ಬೇಕಾದದ್ದು ಹೊಸ ಗಣಿತವಲ್ಲ. ಕೆರಿಬಿಯನ್‌ನ ಮತ್ತು ಪಶ್ಚಿಮ ಆಫ್ರಿಕಾದ ದಡಗಳಲ್ಲಿ, ಉಪ್ಪುನೀರೂ ಸಿಹಿನೀರೂ ನೆಲದಡಿ ಕೂಡುವ ಜಾಗಗಳಲ್ಲಿ, ಜಲ್ಲಿಗೆ ಕೊಳವೆ ಬಡಿದು ಕೈಪಂಪಿನಿಂದ ನೀರೆತ್ತಿ, ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಸಿಕ್ಕಿದ್ದನ್ನು ತಕ್ಷಣ ಗಟ್ಟಿ ಆಲ್ಕೊಹಾಲ್‌ಗೆ ಹಾಕಿಡುವ ಜನ ಬೇಕು.